ಬೇಗೂರಿನ ಮಣ್ಣಿನ ಕೋಟೆ ಮತ್ತು ಮಲೆನಾಡಿನ ನೀರು

ಕೋಟೆ ಎಂದೊಡನೆ ಮಲೆನಾಡಿಗರ ಕಣ್ಣ ಮುಂದೆ ನಿಲ್ಲುವುದು ಕಲ್ಲಿನ ಗೋಡೆ. ತೀರ್ಥಹಳ್ಳಿ ತಾಲ್ಲೂಕಿನ ಕವಲೇದುರ್ಗವನ್ನೋ ಹೊಸನಗರ ತಾಲ್ಲೂಕಿನ ನಗರದ ಕೋಟೆಯನ್ನೋ ಕಂಡು ಬೆಳೆದವರಿಗೆ ಮಣ್ಣಿನ ದಿಬ್ಬವೊಂದನ್ನು ಕೋಟೆಯೆಂದು ಒಪ್ಪಿಕೊಳ್ಳುವುದು ಸುಲಭವಲ್ಲ. ಆದರೆ ಬಯಲುಸೀಮೆಯ ಅನೇಕ ಕೋಟೆಗಳು ಮಣ್ಣಿನವೇ. ಅವುಗಳಲ್ಲಿ ಒಂದು ಬೆಂಗಳೂರಿನ ದಕ್ಷಿಣದ ಅಂಚಿನಲ್ಲಿ, ಎಲೆಕ್ಟ್ರಾನಿಕ್ ಸಿಟಿಗೆ ಸಾಗುವ ಹೊಸೂರು ರಸ್ತೆಯ ಪಶ್ಚಿಮಕ್ಕೆ, ಬೇಗೂರಿನಲ್ಲಿದೆ. ಸುತ್ತ ಕಂದಕವನ್ನು ತೋಡಿ, ಆ ಮಣ್ಣಿನಿಂದಲೇ ಕಟ್ಟಿದ ಮೊಟ್ಟೆಯಾಕಾರದ ಕೋಟೆ ಅದು. ಇಂದು ಅದರ ಹಲವು ಭಾಗಗಳು ಕರಗಿಹೋಗಿವೆ. ಉಳಿದಿರುವ ಭಾಗಗಳನ್ನು ನೋಡಿದವರು ರಸ್ತೆಬದಿಯ ಮಣ್ಣುಗುಡ್ಡೆಯೆಂದು ಭಾವಿಸಿ ಮುಂದೆ ಸಾಗುತ್ತಾರೆ.

ಬೆಂಗಳೂರಿನ ಹೊರವಲಯದ ಹಾಳುಕೋಟೆಯೊಂದರ ಬಗ್ಗೆ ಘಟ್ಟದ ಹಳ್ಳಿಗಳ ಓದುಗರು ಏಕೆ ಚಿಂತಿಸಬೇಕು ಎಂಬ ಪ್ರಶ್ನೆ ಸಹಜವಾದುದು. ಉತ್ತರ ನೀರಿನಲ್ಲಿದೆ. ಬೇಗೂರಿನ ಕೋಟೆ ಕೇವಲ ಗೋಡೆಯಾಗಿರಲಿಲ್ಲ. ಕೋಟೆ, ಕಂದಕ, ಕೆರೆ ಮತ್ತು ಸುತ್ತಲಿನ ಹಳ್ಳಿಗಳು ಸೇರಿ ತನ್ನ ಮೇಲೆ ಬಿದ್ದ ಮಳೆಯಲ್ಲಿಯೇ ಬದುಕುವ ಒಂದು ವ್ಯವಸ್ಥೆಯಾಗಿತ್ತು. ಆ ವ್ಯವಸ್ಥೆಯನ್ನು ಕಳೆದುಕೊಂಡ ನಗರವೇ ಇಂದು ಘಟ್ಟದ ನದಿಗಳತ್ತ ಕೈಚಾಚಿದೆ. ಆದುದರಿಂದ ಬೇಗೂರಿನಲ್ಲಿ ಏನನ್ನು ಉಳಿಸಬೇಕು, ಹೇಗೆ ಉಳಿಸಬೇಕು ಎಂಬುದು ಪುರಾತತ್ವಜ್ಞರ ಪ್ರಶ್ನೆ ಮಾತ್ರವಲ್ಲ. ಶರಾವತಿಯ ದಂಡೆಯವರ ಪ್ರಶ್ನೆಯೂ ಹೌದು.

ಗಡಿಯ ಊರು

ಶಾಸನಗಳಲ್ಲಿ ಬೇಗೂರಿನ ಹೆಸರು ಬೆಂಪೂರು. ತಲಕಾಡಿನ ಗಂಗರ ಆಳ್ವಿಕೆಯಲ್ಲಿ, ಒಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ, ಇದು ಹನ್ನೆರಡು ಹಳ್ಳಿಗಳ ಒಂದು ಆಡಳಿತ ಘಟಕದ ಮುಖ್ಯ ಊರಾಗಿತ್ತು. ನೈಋತ್ಯಕ್ಕೆ ಗಂಗರ ತಲಕಾಡು. ಉತ್ತರಕ್ಕೆ, ಇಂದಿನ ಆಂಧ್ರಪ್ರದೇಶಕ್ಕೆ ಸೇರಿದ ಹೇಮಾವತಿಯಲ್ಲಿ ನೊಳಂಬರ ರಾಜಧಾನಿ. ಪೂರ್ವಕ್ಕೆ ಮತ್ತು ಆಗ್ನೇಯಕ್ಕೆ ತಮಿಳುನಾಡಿನತ್ತ ಇಳಿಯುವ ದಾರಿಗಳು. ಈ ಮೂರು ಶಕ್ತಿಗಳ ನಡುವಿನ ನೆಲ ಒಂದು ತಲೆಮಾರಿನಲ್ಲಿ ಮಿತ್ರರ ಸೀಮೆಯಾಗಿದ್ದರೆ ಮತ್ತೊಂದು ತಲೆಮಾರಿನಲ್ಲಿ ರಣರಂಗವಾಗುತ್ತಿತ್ತು.

ಇದಕ್ಕೆ ಸಾಕ್ಷಿಯಾಗಿ ಎರಡು ಕಲ್ಲುಗಳಿವೆ. ಮೊದಲನೆಯದು ಬೇಗೂರಿನಿಂದ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಒಯ್ಯಲ್ಪಟ್ಟ ದೊಡ್ಡ ವೀರಗಲ್ಲು. ಆನೆ, ಕುದುರೆ, ಕತ್ತಿ ಹಿರಿದ ಯೋಧರು ಕಿಕ್ಕಿರಿದ ಅದರ ಕೆತ್ತನೆ ಕರ್ನಾಟಕದ ವೀರಗಲ್ಲುಗಳಲ್ಲಿಯೇ ಪ್ರಸಿದ್ಧವಾದುದು. ಗಂಗದೊರೆ ಎರೆಯಪ್ಪನ ಅಪ್ಪಣೆಯಂತೆ ನಾಗತ್ತರನೆಂಬ ನಾಯಕನು ನೊಳಂಬ ಅಯ್ಯಪದೇವನ ನೆರವಿಗೆ ಸೇನೆಯೊಡನೆ ಹೋಗಿ, ಬೀರಮಹೇಂದ್ರನ ವಿರುದ್ಧ ತುಂಬೆಪಾಡಿಯಲ್ಲಿ ಹೋರಾಡಿ ಮಡಿದನೆಂದು ಅದು ಹೇಳುತ್ತದೆ. ಆ ಬಳಿಕ ಎರೆಯಪ್ಪನು ಇರುಗನಿಗೆ ನಾಗತ್ತರ ಪದವಿಯ ಪಟ್ಟವನ್ನು ಕಟ್ಟಿ, ಬೆಂಪೂರು ಹನ್ನೆರಡನ್ನು ಕಲ್ನಾಡಾಗಿ ಕೊಟ್ಟನು.

ಎರಡನೆಯದು ಬೇಗೂರಿನ ಪಂಚಲಿಂಗ ನಾಗೇಶ್ವರ ದೇವಾಲಯದ ಆವರಣದಲ್ಲಿ ಆರ್. ನರಸಿಂಹಾಚಾರ್ಯರು ಗುರುತಿಸಿದ, ಸುಮಾರು 890ರ ಕಾಲದ ಚಿಕ್ಕ ಶಾಸನ. ಬೆಂಗಳೂರಿನಲ್ಲಿ ನಡೆದ ಕಾಳಗದಲ್ಲಿ ನಾಗತ್ತರನ ಮಗನೂ ಅವನ ಮನೆಯ ಸೇವಕ ಪೆರ್ವೋಣಸೆಟ್ಟಿಯೂ ಮಡಿದುದನ್ನು ಅದು ದಾಖಲಿಸುತ್ತದೆ. ಬೆಂಗಳೂರು ಎಂಬ ಹೆಸರು ದೊರೆಯುವ ಅತಿ ಹಳೆಯ ಬರಹವೆಂದು ಈ ಕಲ್ಲು ಹೆಸರಾಗಿದೆ. 1537ರಲ್ಲಿ ಕೆಂಪೇಗೌಡರು ಬೆಂಗಳೂರಿನ ಮಣ್ಣಿನ ಕೋಟೆಯನ್ನು ಕಟ್ಟಿಸುವುದಕ್ಕೆ ಆರುನೂರು ವರ್ಷಗಳಿಗಿಂತಲೂ ಹಿಂದೆಯೇ ಆ ಹೆಸರು ಬಳಕೆಯಲ್ಲಿತ್ತೆಂಬುದನ್ನು ಅದು ತೋರಿಸುತ್ತದೆ. ಬೆಂದ ಕಾಳಿನ ಕಥೆಯನ್ನು ಕೇಳಿ ಬೆಳೆದ ವಿದ್ಯಾರ್ಥಿಗಳು ಈ ಕಲ್ಲಿನ ಮುಂದೆ ಒಮ್ಮೆ ನಿಲ್ಲಬೇಕು. ರಾಜನ ಹೆಸರಿನೊಡನೆ ಅಲ್ಲ, ಒಬ್ಬ ಸೇವಕನ ಸಾವಿನೊಡನೆ ಒಂದು ಮಹಾನಗರದ ಹೆಸರು ಉಳಿದು ಬಂದಿದೆ.

ಇರುಗನಿಗೆ ದೊರೆತ ಹಳ್ಳಿಗಳ ಪಟ್ಟಿಯಲ್ಲಿ ತೊವಗೂರು, ನಲ್ಲೂರು, ಇಗ್ಗಲೂರು, ಏಳ್ಕುಂಟೆ, ಕೂಡಲೆ ಮೊದಲಾದ ಹೆಸರುಗಳಿವೆ. ಇಗ್ಗಲೂರು ಅದೇ ಹೆಸರಿನಿಂದ ಆನೇಕಲ್ ತಾಲ್ಲೂಕಿನಲ್ಲಿ ಇಂದಿಗೂ ಇದೆ. ಕೂಡಲೆ ಇಂದಿನ ಕೂಡ್ಲು, ತೊವಗೂರು ಇಂದಿನ ತೋಗೂರು ಎಂದು ಹೆಸರುಗಳೇ ಹೇಳುತ್ತವೆ. 1978ರಲ್ಲಿ ಕಿಯೋನಿಕ್ಸ್ ಸಂಸ್ಥೆ ಆರ್. ಕೆ. ಬಾಳಿಗರ ಮುಂದಾಳತ್ವದಲ್ಲಿ ಎಲೆಕ್ಟ್ರಾನಿಕ್ ಸಿಟಿಯನ್ನು 332 ಎಕರೆಯಲ್ಲಿ ಸ್ಥಾಪಿಸಿದುದು ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರು ಹಳ್ಳಿಗಳ ನೆಲದಲ್ಲಿ. ಅಂದರೆ ಜಗತ್ತಿಗೆ ಸಾಫ್ಟ್‌ವೇರ್ ಕಳುಹಿಸುವ ಕಚೇರಿಗಳು ನಿಂತಿರುವುದು ಸಾವಿರದ ನೂರು ವರ್ಷಗಳ ಹಿಂದೆ ಯುದ್ಧದಲ್ಲಿ ಮಡಿದ ನಾಯಕನ ಹೆಸರಿನಲ್ಲಿ ದತ್ತಿಯಾದ ಹಳ್ಳಿಗಳ ಮೇಲೆ. ಮಲೆನಾಡಿನಿಂದ ಉದ್ಯೋಗವನ್ನರಸಿ ಅಲ್ಲಿಗೆ ಹೋದ ಸಾವಿರಾರು ಯುವಕ ಯುವತಿಯರು ದಿನವೂ ಬೆಂಪೂರು ಹನ್ನೆರಡರ ಗಡಿಯನ್ನು ದಾಟುತ್ತಿದ್ದಾರೆ.

ಗಂಗರ ಬಳಿಕ, 1004ರ ಸುಮಾರಿಗೆ ತಲಕಾಡು ಚೋಳರ ಕೈಸೇರಿತು. ಬೇಗೂರಿನ ದೇವಾಲಯ ಸಮುಚ್ಚಯದಲ್ಲಿ ಗಂಗರ ಕಾಲದ ಗುಡಿಗಳ ಪಕ್ಕದಲ್ಲಿ ಚೋಳರ ಕಾಲದ ಗುಡಿಗಳು ಎದ್ದವು. 1116ರಲ್ಲಿ ಹೊಯ್ಸಳ ವಿಷ್ಣುವರ್ಧನನು ತಲಕಾಡನ್ನು ಗೆದ್ದ ಮೇಲೆ ಗಡಿ ಮತ್ತೆ ಸರಿಯಿತು. ಬೇಗೂರಿನಲ್ಲಿ ಜೈನ ಬಸದಿಯ ಅವಶೇಷಗಳೂ ಇವೆ. ಗಡಿಯೆಂದರೆ ಎರಡು ನಾಡುಗಳನ್ನು ಬೇರ್ಪಡಿಸುವ ಗೆರೆ ಮಾತ್ರವಲ್ಲ, ಹಲವು ಭಾಷೆ, ಮತ ಮತ್ತು ಕಸುಬುಗಳು ಒಂದರ ಮೇಲೊಂದು ಪದರಗಟ್ಟುವ ನೆಲವೆಂಬುದಕ್ಕೆ ಬೇಗೂರು ಒಳ್ಳೆಯ ನಿದರ್ಶನ.

ಮಣ್ಣಿನ ಗೋಡೆಯ ಲೆಕ್ಕ

ಕಲ್ಲಿನ ಕೋಟೆಯನ್ನು ಒಮ್ಮೆ ಕಟ್ಟಿದರೆ ಅದು ಬಹುಕಾಲ ನಿಲ್ಲುತ್ತದೆ. ಮಣ್ಣಿನ ಕೋಟೆ ಹಾಗಲ್ಲ. ಅದನ್ನು ಹೊಲದ ಬದುವಿನಂತೆ, ಕೆರೆಯ ಏರಿಯಂತೆ ವರ್ಷವರ್ಷವೂ ನೋಡಿಕೊಳ್ಳಬೇಕು. ಆದುದರಿಂದ ಮಣ್ಣಿನ ಗೋಡೆಗೆ ಒಂದೇ ಹುಟ್ಟಿದ ವರ್ಷವಿರುವುದಿಲ್ಲ. ಪ್ರತಿ ಮಳೆಗಾಲದ ಬಳಿಕ ಊರಿನವರು ಹೊತ್ತು ಹಾಕಿದ ಬುಟ್ಟಿಗಳೆಲ್ಲ ಸೇರಿ ಅದಾಗಿರುತ್ತದೆ. ಅದರ ಅಡ್ಡಕೊಯ್ತದಲ್ಲಿ ಒಂದು ಊರಿನ ಹಲವು ತಲೆಮಾರುಗಳ ಶ್ರಮ ಪದರ ಪದರವಾಗಿ ಕುಳಿತಿರುತ್ತದೆ.

ಬೆಂಗಳೂರಿನ ಸುತ್ತಲಿನ ಕೆಂಪುಮಣ್ಣು ಹಳೆಯ ನೈಸ್ ಶಿಲೆ ಶಿಥಿಲಗೊಂಡು ಆದದ್ದು. ಅದರ ಜೇಡಿಯಲ್ಲಿ ಕೆಯೋಲಿನೈಟ್ ಹೆಚ್ಚು. ಉತ್ತರ ಕರ್ನಾಟಕದ ಎರೆಮಣ್ಣಿನಂತೆ ಇದು ನೀರು ಕುಡಿದಾಗ ಹೆಚ್ಚು ಉಬ್ಬುವುದಿಲ್ಲ, ಒಣಗಿದಾಗ ಅಂಗೈಯಗಲ ಬಿರಿಯುವುದೂ ಇಲ್ಲ. ಮರಳು ಮತ್ತು ಜೇಡಿ ಹದವಾಗಿ ಬೆರೆತ ಇಂಥ ಮಣ್ಣನ್ನು ತೇವವಿರುವಾಗ ಪದರಪದರವಾಗಿ ತುಳಿದು ಬಡಿದರೆ ಗೋಡೆ ಗಟ್ಟಿಯಾಗಿ ನಿಲ್ಲುತ್ತದೆ. ಮಣ್ಣಿಗಾಗಿ ದೂರ ಹೋಗಬೇಕಾಗಿರಲಿಲ್ಲ. ಕಂದಕದಿಂದ ಎಷ್ಟು ತೆಗೆದರೋ ಅಷ್ಟು ಗೋಡೆಗೆ ಏರಿತು. ಗೋಡೆಯ ಎತ್ತರವೂ ಕಂದಕದ ಆಳವೂ ಒಂದೇ ಲೆಕ್ಕದ ಎರಡು ಬದಿಗಳು. ಒಂದನ್ನು ಬಿಟ್ಟು ಇನ್ನೊಂದನ್ನು ಅರ್ಥಮಾಡಿಕೊಳ್ಳಲಾಗದು.

ಮಣ್ಣಿನ ಗೋಡೆಗೆ ಮೂವರು ಶತ್ರುಗಳು. ಬರಿಮೈಯ ಮೇಲೆ ರಭಸದಿಂದ ಬೀಳುವ ಮಳೆಹನಿ ಮೊದಲನೆಯದು. ಇಳಿಜಾರಿನಲ್ಲಿ ಹರಿದು ಕೊರಕಲು ಕೊರೆಯುವ ನೀರು ಎರಡನೆಯದು. ಬುಡದಲ್ಲಿ ನಿಂತು ಮಣ್ಣನ್ನು ಮೆತ್ತಗಾಗಿಸುವ ನೀರು ಮೂರನೆಯದು ಮತ್ತು ಅತ್ಯಂತ ಅಪಾಯಕಾರಿ. ಹುಲ್ಲಿನ ಹೊದಿಕೆ ಮೊದಲ ಎರಡನ್ನು ತಡೆಯುತ್ತದೆ. ಕಂದಕಕ್ಕೆ ಸರಿಯಾದ ಹೊರಹರಿವು ಇದ್ದರೆ ಮೂರನೆಯದು ತಪ್ಪುತ್ತದೆ. ಕಂದಕ ಶತ್ರುಸೈನ್ಯವನ್ನು ತಡೆಯುತ್ತಿತ್ತು ಎಂದಷ್ಟೇ ಪಠ್ಯಪುಸ್ತಕಗಳು ಹೇಳುತ್ತವೆ. ಗೋಡೆಯಿಂದ ಇಳಿದ ಮಳೆನೀರನ್ನು ಹಿಡಿದು, ಸ್ವಲ್ಪವನ್ನು ನೆಲಕ್ಕೆ ಇಂಗಿಸಿ, ಉಳಿದುದನ್ನು ಹೊರಗೆ ಸಾಗಿಸುವ ಕಾಲುವೆಯೂ ಅದಾಗಿತ್ತು. ಅಡಿಕೆ ತೋಟದ ಬಸಿಗಾಲುವೆ ಮುಚ್ಚಿದರೆ ಮರಗಳಿಗೆ ಏನಾಗುವುದೆಂದು ಬಲ್ಲ ಮಲೆನಾಡಿನ ಕೃಷಿಕರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕಂದಕಕ್ಕೆ ಕಟ್ಟಡದ ಅವಶೇಷಗಳನ್ನೂ ಕಸವನ್ನೂ ತುಂಬಿದ ದಿನವೇ ಗೋಡೆಯ ಅಳಿವು ಪ್ರಾರಂಭವಾಗುತ್ತದೆ.

ಕೆರೆಯಿಲ್ಲದ ಕೋಟೆಯಿಲ್ಲ

ಗೋಡೆ ಶತ್ರುವನ್ನು ಕೆಲವು ದಿನ ತಡೆಯಬಲ್ಲದು. ಒಳಗಿರುವ ಜನ ಮತ್ತು ದನಗಳನ್ನು ಉಳಿಸುವುದು ನೀರು. ಕವಲೇದುರ್ಗದ ಮೇಲೆ ಕೊಳಗಳೂ ನಗರದ ಕೋಟೆಯೊಳಗೆ ಅಕ್ಕತಂಗಿಯರ ಕೊಳವೂ ಇರುವುದು ಅಲಂಕಾರಕ್ಕಲ್ಲ. ಬಯಲಿನ ಕೋಟೆಗಳಲ್ಲಿ ಈ ಕೆಲಸವನ್ನು ಮಗ್ಗುಲಿನ ಕೆರೆಗಳು ಮಾಡುತ್ತಿದ್ದವು. ಬೇಗೂರಿನ ದೊಡ್ಡ ಕೆರೆ ಊರಿಗೆ ಅಂಟಿಕೊಂಡೇ ಇದೆ. ಬೆಂಪೂರಿನ ಹಳ್ಳಿಗಳ ಪಟ್ಟಿಯಲ್ಲಿ ಏಳ್ಕುಂಟೆ ಎಂಬ ಹೆಸರಿರುವುದನ್ನು ಗಮನಿಸಬೇಕು. ಕುಂಟೆ ಎಂದರೆ ಚಿಕ್ಕ ಕೆರೆ. ಊರನ್ನು ನೀರಿನ ಹೆಸರಿನಿಂದ ಕರೆದ ಜನರಿಗೆ ತಾವು ಯಾವುದನ್ನು ನಂಬಿ ಬದುಕಿದ್ದೇವೆಂಬುದು ತಿಳಿದಿತ್ತು.

ನೆರೆಯ ಶಾಸನಗಳು ಇದನ್ನು ಇನ್ನಷ್ಟು ಸ್ಪಷ್ಟಪಡಿಸುತ್ತವೆ. ಬೇಗೂರಿನ ಉತ್ತರಕ್ಕಿರುವ ಅಗರದಲ್ಲಿ ಸುಮಾರು 870ರ ಒಂದು ಗಂಗ ಶಾಸನವಿದೆ. ಸಿರಿಮಯ್ಯನೆಂಬವನು ಎರಡು ಕೆರೆಗಳಿಗೆ ತೂಬು ಇಡಿಸಿ, ಇನ್ನೊಂದು ಕೆರೆಯನ್ನು ಕಟ್ಟಿಸಿ, ಅದಕ್ಕಾಗಿ ಬಿತ್ತುವಟ್ಟವನ್ನು ಪಡೆದನೆಂದು ಅದು ತಿಳಿಸುತ್ತದೆ. ಬಿತ್ತುವಟ್ಟವೆಂದರೆ ಕೆರೆ ಕಟ್ಟಿದವನಿಗೂ ಕಾಯುವವನಿಗೂ ಆ ಕೆರೆಯ ಕೆಳಗೆ ದೊರೆಯುತ್ತಿದ್ದ ಭೂಮಿ. ಕೆರೆ ತುಂಬಿದರೆ ಮಾತ್ರ ಆ ಭೂಮಿಗೆ ಬೆಲೆ. ಹೂಳು ತುಂಬಿದರೆ ಕಾಯುವವನಿಗೇ ನಷ್ಟ. ನಿರ್ವಹಣೆಯ ಹೊಣೆ ಮತ್ತು ಲಾಭ ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿದ ಇದಕ್ಕಿಂತ ಸರಳವಾದ ಏರ್ಪಾಡನ್ನು ಆಧುನಿಕ ಯೋಜನೆಗಳು ಇನ್ನೂ ರೂಪಿಸಿಲ್ಲ.

ವೈಟ್‌ಫೀಲ್ಡ್ ಕಡೆಗೆ ಹೋದರೆ ಕಾಡುಗೋಡಿಯಲ್ಲಿ 1043ರ ಚೋಳರ ಕಾಲದ ತಮಿಳು ಶಾಸನವೊಂದಿದೆ. ಅದು ಪಟ್ಟಂದೂರಿನ ಕೆರೆಯನ್ನು ಕಟ್ಟಿಸಿ, ತೂಬು ಇಡಿಸಿದುದನ್ನು ಹೇಳುತ್ತದೆ. ಆ ಪಟ್ಟಂದೂರು ಅಗ್ರಹಾರದ ನೆಲದಲ್ಲಿಯೇ ಇಂದು ಐಟಿಪಿಎಲ್ ತಂತ್ರಜ್ಞಾನ ಉದ್ಯಾನ ನಿಂತಿದೆ. ಗಂಗರು ಹೋಗಿ ಚೋಳರು ಬಂದರೂ, ಕನ್ನಡ ಶಾಸನದ ಜಾಗದಲ್ಲಿ ತಮಿಳು ಶಾಸನ ಬಂದರೂ, ಕೆರೆ ಕಟ್ಟುವ ಕೆಲಸ ನಿಲ್ಲಲಿಲ್ಲ. ಗಡಿಗಾಗಿ ಕಾದಾಡಿದವರು ಕೆರೆಯ ವಿಷಯದಲ್ಲಿ ಒಂದೇ ಮತದವರಾಗಿದ್ದರು.

ಕೋಟೆ ಹಾಳಾದ ಬಗೆ

ಮಣ್ಣಿನ ಕೋಟೆಗಳ ರಾಜಕೀಯ ಆಯುಷ್ಯ ಹದಿನೆಂಟನೆಯ ಶತಮಾನದ ಕೊನೆಗೆ ಮುಗಿಯಿತು. 1791ರ ಮಾರ್ಚ್‌ನಲ್ಲಿ ಕಾರ್ನ್‌ವಾಲಿಸನ ಸೈನ್ಯ ಬೆಂಗಳೂರಿನ ಕೋಟೆಯನ್ನು ಹಿಡಿಯಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ನಂದಿದುರ್ಗ, ಡಿಸೆಂಬರ್‌ನಲ್ಲಿ ಸಾವನದುರ್ಗ ಬಿದ್ದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಬಳಿಕ ಊರಿನ ಕೋಟೆಗಳನ್ನು ಕಾಯುವ ಅಗತ್ಯ ಯಾರಿಗೂ ಉಳಿಯಲಿಲ್ಲ. ಬೆಂಗಳೂರು ಪೇಟೆಯ ಗೋಡೆಯನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಕೆಡವಿ, ಕಂದಕವನ್ನು ತುಂಬಲಾಯಿತು. ಹಳ್ಳಿಗಳ ಮಣ್ಣುಗೋಡೆಗಳು ಮಳೆಗೆ ಕರಗಿದವು. ಕೆಲವು ಮನೆಗಳ ಗೋಡೆಗಳಾದವು, ಕೆಲವು ಹೊಲಗಳಿಗೆ ಗೋಡುಮಣ್ಣಾದವು. ಇದರಲ್ಲಿ ತಪ್ಪೇನೂ ಇರಲಿಲ್ಲ. ಮಣ್ಣು ಮಣ್ಣಿಗೆ ಮರಳಿತು. ಕೆರೆ ಮಾತ್ರ ಕೆರೆಯಾಗಿಯೇ ಉಳಿದಿತ್ತು.

ನಿಜವಾದ ಧಕ್ಕೆ ಇತ್ತೀಚಿನದು. ನೆಲ ಬೆಳೆಯ ಲೆಕ್ಕದಿಂದ ಚದರಡಿಯ ಲೆಕ್ಕಕ್ಕೆ ಬದಲಾದ ಮೇಲೆ ದಿಬ್ಬವೂ ಹಳ್ಳವೂ ಅಡ್ಡಿಯಾಗಿ ತೋರಿದವು. ಸಮತಟ್ಟು ಮಾಡಿದ ಭೂಮಿಗೆ ಬೆಲೆ ಹೆಚ್ಚು. 2007ರಲ್ಲಿ ಸುತ್ತಲಿನ ನೂರಾರು ಹಳ್ಳಿಗಳೊಡನೆ ಬೇಗೂರೂ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಗೆ ಸೇರಿತು. 2010ರಲ್ಲಿ ಹೊಸೂರು ರಸ್ತೆಯ ಮೇಲುಸೇತುವೆ ತೆರೆಯಿತು. 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗದ ಮೆಟ್ರೋ ಎಲೆಕ್ಟ್ರಾನಿಕ್ ಸಿಟಿಯ ಮೂಲಕ ಬೊಮ್ಮಸಂದ್ರಕ್ಕೆ ಓಡತೊಡಗಿತು. ಇಂಥ ಪ್ರತಿಯೊಂದು ಅನುಕೂಲವೂ ಸುತ್ತಲಿನ ನೆಲದ ಬೆಲೆಯನ್ನು ಏರಿಸಿದೆ, ಪ್ರತಿಯೊಂದು ಏರಿಕೆಯೂ ಉಳಿದ ದಿಬ್ಬದ ಮೇಲೆ ಒತ್ತಡ ಹೇರಿದೆ. ಬೇಗೂರಿನ ಕೆರೆಯೊಳಗೇ ಮಣ್ಣು ಸುರಿದು ದ್ವೀಪವೊಂದನ್ನು ನಿರ್ಮಿಸಿ, ಅಲ್ಲಿ ಮೂರ್ತಿಯನ್ನು ನಿಲ್ಲಿಸುವ ಕೆಲಸ ನಡೆದು, 2019ರಲ್ಲಿ ರಾಜ್ಯ ಹೈಕೋರ್ಟ್ ಅದಕ್ಕೆ ತಡೆ ನೀಡಬೇಕಾಯಿತು. ಪ್ರಶ್ನೆ ಯಾವ ದೇವರ ಮೂರ್ತಿ ಎಂಬುದಲ್ಲ. ಕೆರೆಯ ಒಡಲು ನೀರಿಗೆ ಮೀಸಲೋ ಅಥವಾ ನೋಟಕ್ಕೆ ಮೀಸಲೋ ಎಂಬುದು ಪ್ರಶ್ನೆ.

ಘಟ್ಟಕ್ಕೆ ಏನು ಸಂಬಂಧ

ಬೆಂಗಳೂರಿನಲ್ಲಿ ವರ್ಷಕ್ಕೆ ಸುಮಾರು 900ರಿಂದ 1000 ಮಿಲಿಮೀಟರ್ ಮಳೆ ಬೀಳುತ್ತದೆ. ಆಗುಂಬೆಯ ಮಳೆಗೆ ಹೋಲಿಸಿದರೆ ಇದು ಅಲ್ಪ. ಆದರೆ ಬಯಲಿಗೆ ಇದು ಬಡತನದ ಮಳೆಯಲ್ಲ. ಇದನ್ನೇ ನಂಬಿ ಬೆಂಪೂರು, ಅಗರ, ಪಟ್ಟಂದೂರುಗಳು ಸಾವಿರ ವರ್ಷ ಬಾಳಿದವು. ಇಂದಿನ ಜನಸಂಖ್ಯೆಗೆ ಆ ಕೆರೆಗಳಷ್ಟೇ ಸಾಕೆಂದು ಯಾರೂ ವಾದಿಸಲಾರರು. ಆದರೆ ಬಿದ್ದ ಮಳೆಯನ್ನು ಚರಂಡಿಗೆ ಬಿಟ್ಟು, ಕೆರೆಗಳನ್ನು ಕೊಳಚೆಯ ತೊಟ್ಟಿಗಳನ್ನಾಗಿಸಿ, ಸುಮಾರು 100 ಕಿಲೋಮೀಟರ್ ದೂರದಿಂದ ಕಾವೇರಿಯ ನೀರನ್ನು ಮೇಲೆತ್ತಿ ತರುವ ನಗರ, ಅದೂ ಸಾಲದೆಂದಾಗ ಎಲ್ಲಿಗೆ ನೋಡುತ್ತದೆ ಎಂಬುದನ್ನು ಮಲೆನಾಡು ಕಂಡಿದೆ. ಕಾವೇರಿ ಐದನೆಯ ಹಂತ 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾಯಿತು. ಅದರಿಂದ ದಿನಕ್ಕೆ 77.5 ಕೋಟಿ ಲೀಟರ್ ಹೆಚ್ಚುವರಿ ನೀರು. ಅದಕ್ಕೆ ಮೊದಲೇ, 2019ರಲ್ಲಿ, ಲಿಂಗನಮಕ್ಕಿಯಿಂದ ಶರಾವತಿಯ ನೀರನ್ನು ಬೆಂಗಳೂರಿಗೆ ಒಯ್ಯುವ ಪ್ರಸ್ತಾವ ಬಂದು, ಅದೇ ವರ್ಷದ ಜುಲೈನಲ್ಲಿ ಶಿವಮೊಗ್ಗ ಜಿಲ್ಲೆ ಬಂದ್ ಆಚರಿಸಿತು. ಪೂರ್ವದ ಬಯಲು ಜಿಲ್ಲೆಗಳಿಗಾಗಿ ಸಕಲೇಶಪುರದ ಹಳ್ಳಗಳನ್ನು ತಿರುಗಿಸುವ ಎತ್ತಿನಹೊಳೆ ಯೋಜನೆಯ ಮೊದಲ ಹಂತವೂ 2024ರಲ್ಲಿ ಚಾಲನೆಗೊಂಡಿದೆ.

ಹೀಗಿರುವಾಗ ಬೇಗೂರಿನ ಕಂದಕವನ್ನು ಮುಚ್ಚುವವರ ಲಾರಿಯೂ ಶರಾವತಿಗೆ ಕೊಳವೆ ಹಾಕುವವರ ನಕ್ಷೆಯೂ ಬೇರೆ ಬೇರೆ ಸಂಗತಿಗಳಲ್ಲ. ನಗರ ತನ್ನ ಅಂಗಳದ ನೀರಿನ ನೆನಪನ್ನು ಕಳೆದುಕೊಂಡಷ್ಟೂ ಘಟ್ಟದ ಮೇಲಿನ ಬೇಡಿಕೆ ಹೆಚ್ಚುತ್ತದೆ. ಶರಾವತಿ ಉಳಿಯಲಿ ಎನ್ನುವವರು ಬೇಗೂರಿನ ಕೆರೆಯೂ ಕಂದಕವೂ ಉಳಿಯಲಿ ಎನ್ನಬೇಕು. ಇದು ಔದಾರ್ಯದ ಮಾತಲ್ಲ, ಸ್ವಹಿತದ ಮಾತು.

ಉಳಿಸುವುದೆಂದರೇನು

ಸಂರಕ್ಷಣೆಯೆಂದರೆ ಗುಡಿಗೆ ಬಣ್ಣ ಬಳಿದು, ಸುತ್ತ ಹಾಸುಗಲ್ಲು ಹಾಕಿ, ಫಲಕ ನೆಡುವುದೆಂಬ ಭಾವನೆ ವ್ಯಾಪಕವಾಗಿದೆ. ಮಣ್ಣಿನ ಕೋಟೆಗೆ ಇದು ಮದ್ದಲ್ಲ, ವಿಷ. ಸಿಮೆಂಟಿನ ಲೇಪ ಮಣ್ಣಿನೊಳಗಿನ ತೇವವನ್ನು ಹೊರಬಿಡದೆ ಹಿಡಿದಿಡುತ್ತದೆ. ಒಳಗೆ ಮಣ್ಣು ಮೆತ್ತಗಾಗಿ, ಒಂದು ಮಳೆಗಾಲದಲ್ಲಿ ಲೇಪವೂ ಗೋಡೆಯೂ ಒಟ್ಟಿಗೆ ಕುಸಿಯುತ್ತವೆ. ಇಳಿಜಾರಿಗೆ ಬೇಕಾದುದು ಒತ್ತಾಗಿ ಬೇರುಬಿಡುವ ಸ್ಥಳೀಯ ಹುಲ್ಲು ಮತ್ತು ಲಾವಂಚ. ಲಾವಂಚದ ಬೇರು ಎರಡು ಮೂರು ಮೀಟರ್ ಆಳಕ್ಕೆ ನೇರವಾಗಿ ಇಳಿದು ಮಣ್ಣನ್ನು ಹೊಲಿದಂತೆ ಹಿಡಿಯುತ್ತದೆ. ಆಲ, ಅರಳಿಯ ಸಸಿಗಳನ್ನು ಗೋಡೆಯ ಮೇಲೆ ಬೆಳೆಯಗೊಡಬಾರದು. ಅವುಗಳಿಗೆ ಬೇರೆ ಜಾಗ ಕೊಡಬೇಕು. ಲಂಟಾನದ ಪೊದೆ ದೂರದಿಂದ ಹಸಿರಾಗಿ ಕಂಡರೂ ಅದರ ನೆರಳಿನಡಿ ಹುಲ್ಲು ಸತ್ತು ಮಣ್ಣು ಬರಿದಾಗುತ್ತದೆ.

ಹೊರದೇಶದ ಒಂದು ಉದಾಹರಣೆಯನ್ನು ಇಲ್ಲಿ ನೆನೆಯಬಹುದು. ಇಂಗ್ಲೆಂಡ್ ಮತ್ತು ವೇಲ್ಸ್‌ಗಳ ನಡುವಿನ ಗಡಿಯಲ್ಲಿ ನಾರ್ಮನ್ ದೊರೆಗಳ ಕಾಲದಲ್ಲಿ ಎತ್ತಿದ ಮಣ್ಣಿನ ದಿಬ್ಬಕೋಟೆಗಳು ಹಲವಾರು ಇವೆ. ಮೇಲಿನ ಮರದ ಕಟ್ಟಡಗಳು ಎಂದೋ ಅಳಿದಿವೆ. ಉಳಿದಿರುವುದು ದಿಬ್ಬ ಮತ್ತು ಕಂದಕ. ಪ್ರಾಚೀನ ಸ್ಮಾರಕಗಳಿಗಾಗಿ 1882ರಲ್ಲಿ ಮೊದಲ ಕಾನೂನನ್ನು ಮಾಡಿದ ಆ ದೇಶದಲ್ಲಿ ಇಂಥ ದಿಬ್ಬಗಳನ್ನು ಕಂದಕದೊಡನೆ ಸ್ಮಾರಕಗಳೆಂದು ಪಟ್ಟಿಮಾಡಿದ್ದಾರೆ. ಅವುಗಳ ಮೇಲೆ ಕುರಿಗಳು ಮೇಯುತ್ತವೆ. ಹದವಾದ ಮೇವಿನಿಂದ ಹುಲ್ಲಿನ ಹೊದಿಕೆ ಒತ್ತಾಗಿ ಉಳಿಯುತ್ತದೆ, ಪೊದೆ ಬೆಳೆಯುವುದಿಲ್ಲ, ರೈತನಿಗೂ ಉಪಯೋಗವಾಗುತ್ತದೆ. ಟಿಕೆಟ್ಟು, ದೀಪಾಲಂಕಾರಗಳಿಲ್ಲದೆಯೂ ಒಂದು ಮಣ್ಣಿನ ದಿಬ್ಬ ಒಂಬೈನೂರು ವರ್ಷ ಉಳಿಯಬಲ್ಲದು.

ಭಾರತದ ಕಾನೂನಿನಲ್ಲಿಯೂ ಇದಕ್ಕೆ ಅವಕಾಶವಿದೆ. 1958ರ ಕೇಂದ್ರ ಸ್ಮಾರಕ ಕಾಯಿದೆ ನೂರು ವರ್ಷಕ್ಕೆ ಕಡಿಮೆಯಿಲ್ಲದ ಅವಶೇಷಗಳಿರುವ ನೆಲವನ್ನು ಮಾತ್ರವಲ್ಲ, ಅದನ್ನು ಕಾಪಾಡಲು ಬೇಕಾಗುವ ಪಕ್ಕದ ನೆಲವನ್ನೂ ಪುರಾತತ್ವ ನಿವೇಶನದ ವ್ಯಾಖ್ಯೆಯೊಳಗೆ ತರುತ್ತದೆ. ಕಂದಕವೂ ಅದರ ಹೊರಹರಿವೂ ಈ ವ್ಯಾಖ್ಯೆಗೆ ಸಲ್ಲುತ್ತವೆ. ರಾಜ್ಯಕ್ಕೆ ತನ್ನದೇ ಆದ 1961ರ ಕಾಯಿದೆಯಿದೆ. ಜೀವವೈವಿಧ್ಯದ 2002ರ ಕಾಯಿದೆಯಡಿ ದೇವನಹಳ್ಳಿ ಬಳಿಯ ನಲ್ಲೂರಿನ ಹುಣಸೆ ತೋಪನ್ನು 2007ರಲ್ಲಿ ಪಾರಂಪರಿಕ ತಾಣವೆಂದು ಘೋಷಿಸಲಾಯಿತು. ಶಿವಮೊಗ್ಗ ಜಿಲ್ಲೆಯ ಅಂಬಾರಗುಡ್ಡಕ್ಕೂ ಮುಂದೆ ಅದೇ ಮನ್ನಣೆ ದೊರೆಯಿತು. ಮರದ ತೋಪು ಮತ್ತು ಹುಲ್ಲುಗುಡ್ಡಗಳು ಪರಂಪರೆಯಾಗಬಹುದಾದರೆ, ಮಣ್ಣು, ನೀರು, ಶಾಸನ ಮೂರೂ ಒಂದೆಡೆ ಸೇರಿದ ಬೇಗೂರು ಏಕಾಗಬಾರದು?

ಜನರನ್ನು ಹೊರಗಿಟ್ಟಲ್ಲ

ಇಲ್ಲಿ ಒಂದು ನ್ಯಾಯವಾದ ಆಕ್ಷೇಪವಿದೆ. ಬೇಗೂರಿನ ಕೋಟೆ ನಿರ್ಜನ ಬೆಟ್ಟದ ಮೇಲಿಲ್ಲ. ಅದರ ಒಳಗೂ ಸುತ್ತಲೂ ತಲೆತಲಾಂತರದಿಂದ ಜನ ವಾಸವಾಗಿದ್ದಾರೆ. 2010ರ ತಿದ್ದುಪಡಿಯ ಪ್ರಕಾರ ಕೇಂದ್ರದ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್‌ವರೆಗೆ ಹೊಸ ನಿರ್ಮಾಣಕ್ಕೆ ನಿಷೇಧ, ಅದರಾಚೆಯ 200 ಮೀಟರ್‌ನಲ್ಲಿ ನಿಯಂತ್ರಣ. ಸ್ಮಾರಕವೆಂಬ ಘೋಷಣೆಯ ಸುದ್ದಿ ಕೇಳಿದೊಡನೆ ಬಡವನಿಗೆ ತನ್ನ ಮಾಡನ್ನು ರಿಪೇರಿ ಮಾಡಿಕೊಳ್ಳಲಾಗದೆಂಬ ಭಯ ಹುಟ್ಟುವುದು ಸಹಜ. 2013ರ ಕಸ್ತೂರಿರಂಗನ್ ವರದಿಯ ನಂತರ ಪರಿಸರ ಸೂಕ್ಷ್ಮ ವಲಯದ ಹೆಸರೆತ್ತಿದರೆ ಘಟ್ಟದ ಹಳ್ಳಿಗಳಲ್ಲಿ ಎದ್ದ ಆತಂಕವೂ ಇಂಥದೇ. ಭಯವಿರುವಲ್ಲಿ ಪರಂಪರೆ ಉಳಿಯುವುದಿಲ್ಲ. ಘೋಷಣೆಗೆ ಮೊದಲೇ ರಾತ್ರೋರಾತ್ರಿ ದಿಬ್ಬ ಸಮವಾಗುತ್ತದೆ.

ಆದುದರಿಂದ ಬೇಗೂರಿಗೆ ಬೇಕಾದುದು ಬೇಲಿಯಲ್ಲ, ಬಿತ್ತುವಟ್ಟದ ತತ್ತ್ವ. ಕಾಯುವವನಿಗೆ ಕಾಯುವುದರಿಂದ ಲಾಭವಾಗಬೇಕು. ಹಳೆಯ ಮನೆಗಳ ದುರಸ್ತಿಗೆ ಮುಕ್ತ ಅವಕಾಶವಿರಬೇಕು. ಬಹುಮಹಡಿ ಕಟ್ಟಡಗಳಿಗೂ ಕಂದಕ ತುಂಬುವುದಕ್ಕೂ ಕಟ್ಟುನಿಟ್ಟಿನ ತಡೆಯಿರಬೇಕು. ಉಳಿದಿರುವ ಗೋಡೆ, ಕಂದಕ, ಕೆರೆ ಮತ್ತು ರಾಜಕಾಲುವೆಗಳನ್ನು ಒಂದೇ ನಕ್ಷೆಯಲ್ಲಿ ಅಳೆದು, ಕಲ್ಲು ನೆಟ್ಟು, ಆ ನಕ್ಷೆಯನ್ನು ಊರಿನಲ್ಲಿ ಎಲ್ಲರ ಕಣ್ಣಿಗೆ ಬೀಳುವಂತೆ ಪ್ರದರ್ಶಿಸಬೇಕು. ಗೋಡೆ ಒಂದು ಇಲಾಖೆಗೆ, ಕೆರೆ ಇನ್ನೊಂದಕ್ಕೆ, ಗುಡಿ ಮತ್ತೊಂದಕ್ಕೆ, ರಸ್ತೆ ಮಗದೊಂದಕ್ಕೆ ಸೇರಿರುವಾಗ ಹೊಣೆ ಯಾರಿಗೂ ಸೇರುವುದಿಲ್ಲ. 2025ರಲ್ಲಿ ಬೆಂಗಳೂರಿನ ಪಾಲಿಕೆ ಐದಾಗಿ ವಿಂಗಡಣೆಗೊಂಡಿದೆ. ಹೊಸ ಗಡಿಗಳನ್ನು ಎಳೆದವರು ಹಳೆಯ ಜಲಗಡಿಗಳನ್ನೂ ಒಮ್ಮೆ ನೋಡಲಿ. ಲಾವಂಚ ನೆಡುವುದು, ಹುಲ್ಲು ಕೊಯ್ಯುವುದು, ಕಂದಕದ ಹೂಳೆತ್ತುವುದು ಪ್ರತಿವರ್ಷದ ಕೂಲಿಕೆಲಸವಾಗಿ ಊರಿನವರಿಗೇ ದೊರೆಯಲಿ. ಎತ್ತಿದ ಹೂಳು ಅವರ ತೋಟಗಳಿಗೆ ಹೋಗಲಿ.

ಮಲೆನಾಡಿನ ವಿದ್ಯಾರ್ಥಿಗಳು ಬೇಗೂರಿನಿಂದ ಕಲಿತು ತಮ್ಮ ಊರಿನಲ್ಲಿ ಮಾಡಬಹುದಾದ ಕೆಲಸ ಬಹಳವಿದೆ. ಕವಲೇದುರ್ಗಕ್ಕೂ ನಗರಕ್ಕೂ ಪ್ರವಾಸಿಗರು ವಾಹನ ತುಂಬಿ ಬರುತ್ತಿದ್ದಾರೆ. ಅಲ್ಲಿ ಕಲ್ಲಿನ ಗೋಡೆ ಸದ್ಯಕ್ಕೆ ಬೀಳಲಿಕ್ಕಿಲ್ಲ. ಆದರೆ ಕೊಳಗಳಿಗೆ ನೀರು ತರುವ ಕಾಲುವೆಗಳು, ಕೋಟೆಯ ಮೆಟ್ಟಿಲಿನ ಕೆಳಗಿನ ಗದ್ದೆಗಳು, ಇಳಿಜಾರಿನ ಹುಲ್ಲು ಮೌನವಾಗಿ ಅಳಿಯಬಹುದು. ಪ್ರತಿ ಹಳ್ಳಿಯಲ್ಲಿಯೂ ಹಳೆಯ ಕೊಳ, ಕಟ್ಟು, ತೂಬು, ವೀರಗಲ್ಲು, ಮಾಸ್ತಿಕಲ್ಲುಗಳನ್ನು ಸರ್ವೆ ನಂಬರಿನೊಡನೆ ಬರೆದಿಟ್ಟುಕೊಂಡು, ಅವುಗಳ ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆಂದು ಗುರುತಿಸಿದರೆ, ಅದು ಯಾವ ಇಲಾಖೆಯ ಪಟ್ಟಿಗಿಂತಲೂ ಹೆಚ್ಚು ಬಾಳುವ ದಾಖಲೆಯಾದೀತು. ಪಂಚಾಯಿತಿಯ ಮುಂದೆ ವಾದಿಸುವಾಗಲೂ ನ್ಯಾಯಾಲಯದ ಮುಂದೆ ನಿಲ್ಲುವಾಗಲೂ ಕೆಲಸಕ್ಕೆ ಬರುವುದು ಇಂಥ ದಾಖಲೆಯೇ.

ಬೆಂಪೂರಿನ ಗಡಿಯನ್ನು ಕಾಯ್ದವರಲ್ಲಿ ನಾಗತ್ತರನ ಹೆಸರು ದೊಡ್ಡ ಕಲ್ಲಿನಲ್ಲಿದೆ, ಪೆರ್ವೋಣಸೆಟ್ಟಿಯ ಹೆಸರು ಚಿಕ್ಕ ಕಲ್ಲಿನಲ್ಲಿದೆ. ಬುಟ್ಟಿಯಲ್ಲಿ ಮಣ್ಣು ಹೊತ್ತು ಗೋಡೆ ಎತ್ತಿದವರ, ಕೆರೆಯ ತೂಬನ್ನು ಕಾಯ್ದವರ ಹೆಸರು ಯಾವ ಕಲ್ಲಿನಲ್ಲಿಯೂ ಇಲ್ಲ. ಅವರಿಗಿರುವ ಏಕೈಕ ಸ್ಮಾರಕವೆಂದರೆ ಆ ಮಣ್ಣಿನ ದಿಬ್ಬ, ಆ ಕಂದಕ ಮತ್ತು ಆ ಕೆರೆ. ಮುಂದಿನ ಮಳೆಗಾಲಕ್ಕೆ ಮೊದಲು ಕಂದಕದ ಹೊರಹರಿವನ್ನು ಬಿಡಿಸಿ, ಉಳಿದ ಗೋಡೆಗೆ ಹುಲ್ಲು ಹೊದಿಸುವ ಕೆಲಸ ಪ್ರಾರಂಭವಾಗಬೇಕು. ಅದಕ್ಕೆ ಬೇಕಾಗುವ ಹಣ ಅತ್ಯಲ್ಪ. ಬೇಕಾಗಿರುವುದು ಅದು ಕೋಟೆಯೆಂದು ಒಪ್ಪಿಕೊಳ್ಳುವ ಮನಸ್ಸು.